ಮನೆಯವರನ್ನೇ ಕಚ್ಚುವ ಸಾಕುನಾಯಿ: ಕಾರಣ, ಚಿಕಿತ್ಸೆ ಮತ್ತು ಮುನ್ನೆಚ್ಚರಿಕೆ

ಮನುಷ್ಯನಿಗೂ ನಾಯಿಗೂ ಇರುವ ಸಂಬಂಧ ಸಾವಿರಾರು ವರ್ಷಗಳಷ್ಟು ಹಳೆಯದು. ಧರ್ಮರಾಯನ ಸ್ವರ್ಗಾರೋಹಣದ ಕಥೆಯಲ್ಲಿ ಕೊನೆಯವರೆಗೆ ಜೊತೆಗೆ ನಡೆದದ್ದು ಒಂದು ನಾಯಿ. ಕಾಲಭೈರವನ ವಾಹನವೂ ನಾಯಿಯೇ. ಕನ್ನಡನಾಡಿನಲ್ಲಂತೂ ಈ ಪ್ರಾಣಿಯ ನಿಷ್ಠೆಗೆ ಕಲ್ಲಿನ ಸಾಕ್ಷಿಯೇ ಉಂಟು. ಹತ್ತನೆಯ ಶತಮಾನದಲ್ಲಿ ಮಣಲೆರನೆಂಬ ವೀರನು ತನ್ನ ಶೌರ್ಯಕ್ಕೆ ದೊರೆತ ವರವಾಗಿ ಹೊನ್ನನ್ನಾಗಲಿ ಊರನ್ನಾಗಲಿ ಕೇಳದೆ, ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಹಂದಿಯನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ನಿಲ್ಲಿಸಿದ ಆತಕೂರಿನ ವೀರಗಲ್ಲು ಇಂದಿಗೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇಂತಹ ನಂಬಿಕೆಗೆ ಪಾತ್ರವಾದ ಪ್ರಾಣಿ ಒಂದು ದಿನ ಇದ್ದಕ್ಕಿದ್ದಂತೆ ಅನ್ನವಿಟ್ಟವರ ಕೈಯನ್ನೇ ಕಚ್ಚಿದರೆ ಮನೆಯವರಿಗೆ ಆಗುವ ಆಘಾತ ಗಾಯದ ನೋವಿಗಿಂತ ಹೆಚ್ಚಿನದು. ಆಗ ಸಾಮಾನ್ಯವಾಗಿ ಎರಡು ತಪ್ಪುಗಳು ನಡೆಯುತ್ತವೆ. ಕೆಲವರು 'ನಮ್ಮ ನಾಯಿಯೇ ತಾನೆ, ಏನೂ ಆಗದು' ಎಂದು ಗಾಯಕ್ಕೆ ಅರಿಶಿನ ಮೆತ್ತಿ ಸುಮ್ಮನಾಗುತ್ತಾರೆ. ಇನ್ನು ಕೆಲವರು 'ಇದಕ್ಕೆ ಉಂಡ ಮನೆಗೆ ಎರಡು ಬಗೆಯುವ ಬುದ್ಧಿ ಬಂದಿದೆ' ಎಂದು ಅದನ್ನು ಹೊಡೆದು, ದೂರದ ಬೀದಿಗೆ ಒಯ್ದು ಬಿಟ್ಟುಬರುತ್ತಾರೆ. ಮೊದಲನೆಯ ತಪ್ಪಿನಿಂದ ಮನುಷ್ಯನ ಪ್ರಾಣಕ್ಕೆ ಅಪಾಯ, ಎರಡನೆಯದರಿಂದ ಮೂಕಪ್ರಾಣಿಗೆ ಅನ್ಯಾಯ. ಈ ಎರಡನ್ನೂ ತಪ್ಪಿಸಬೇಕಾದರೆ ನಾಯಿ ಏಕೆ ಕಚ್ಚುತ್ತದೆಂಬುದನ್ನು ತಿಳಿಯುವುದು ಅವಶ್ಯಕ.

ನಾಯಿಯ ಭಾಷೆ

ನಾಯಿಗೆ ಮಾತಿಲ್ಲ, ಆದರೆ ಭಾಷೆಯುಂಟು. ಕಿವಿ, ಕಣ್ಣು, ತುಟಿ, ಬಾಲ, ಬೆನ್ನಿನ ಕೂದಲು, ನಿಲ್ಲುವ ಭಂಗಿ ಇವೇ ಅದರ ಅಕ್ಷರಗಳು. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಪ್ರಕಟಿಸಿದ, ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಅಪರಿಚಿತನನ್ನು ಎದುರಿಸುವ ನಾಯಿ ಮೈಯನ್ನು ಸೆಟೆದು, ಬಾಲವನ್ನು ನೆಟ್ಟಗೆ ನಿಲ್ಲಿಸಿ, ಬೆನ್ನಿನ ಕೂದಲನ್ನು ನಿಮಿರಿಸಿ, ದೃಷ್ಟಿಯನ್ನು ಕದಲಿಸದೆ ಮುಂದೆ ಬರುತ್ತದೆ. ಬಂದವನು ತನ್ನ ಒಡೆಯನೆಂದು ತಿಳಿದ ಕ್ಷಣದಲ್ಲಿ ಅದೇ ಮೈ ಬಳುಕುತ್ತದೆ, ತಲೆ ತಗ್ಗುತ್ತದೆ, ಬಾಲ ಆಡುತ್ತದೆ. ಭಾವ ಬದಲಾದೊಡನೆ ದೇಹದ ಪ್ರತಿಯೊಂದು ಅಂಗವೂ ಹಿಂದಿನದಕ್ಕೆ ವಿರುದ್ಧವಾದ ರೂಪವನ್ನು ತಾಳುತ್ತದೆಂಬುದು ಆತನ ಅಭಿಪ್ರಾಯ.

ಕಚ್ಚುವುದು ಈ ಭಾಷೆಯಲ್ಲಿ ಕಟ್ಟಕಡೆಯ ಮಾತು. ಅದಕ್ಕೆ ಮುಂಚೆ ನಾಯಿ ಹಲವು ಮಾತುಗಳನ್ನು ಆಡಿರುತ್ತದೆ. ನಿದ್ದೆ ಬಾರದಿದ್ದರೂ ಆಕಳಿಸುವುದು, ತಿನ್ನಲು ಏನೂ ಇಲ್ಲದಿದ್ದರೂ ಮೂಗು ತುಟಿಗಳನ್ನು ನೆಕ್ಕಿಕೊಳ್ಳುವುದು, ಮುಖವನ್ನು ಬೇರೆಡೆಗೆ ತಿರುಗಿಸುವುದು, ಎದ್ದು ದೂರ ಹೋಗುವುದು ಇವು ಆರಂಭದ ಸೂಚನೆಗಳು. ಇವುಗಳಿಂದ ಪ್ರಯೋಜನವಾಗದಿದ್ದರೆ ಕಿವಿಯನ್ನು ಹಿಂದಕ್ಕೆ ಒತ್ತಿಕೊಂಡು, ಬಾಲವನ್ನು ತೊಡೆಗಳ ನಡುವೆ ಸೇರಿಸಿ, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರುತ್ತದೆ. ಅನಂತರ ಮೈ ಒಮ್ಮೆಲೇ ಕಲ್ಲಿನಂತೆ ಸ್ತಬ್ಧವಾಗುತ್ತದೆ. ಈ ಸ್ತಬ್ಧತೆಯನ್ನು ಅನೇಕರು ನಾಯಿ ಶಾಂತವಾಯಿತೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಅತ್ಯಂತ ಅಪಾಯದ ಕ್ಷಣ. ಬಳಿಕ ಗುರುಗುಟ್ಟುವುದು, ಹಲ್ಲು ತೋರಿಸುವುದು, ತಾಗದಂತೆ ಗಾಳಿಯಲ್ಲಿ ಬಾಯಿ ಹಾಕುವುದು. ಇಷ್ಟೆಲ್ಲ ಆದ ಮೇಲೂ ಎದುರಿಗಿದ್ದವರು ಹಿಂದೆ ಸರಿಯದಿದ್ದಾಗ ಕಚ್ಚುವುದು. ಎಲ್ಲ ಮೆಟ್ಟಿಲುಗಳನ್ನೂ ಎಲ್ಲ ನಾಯಿಗಳೂ ಹತ್ತುತ್ತವೆಂದಲ್ಲ. ಕೆಲವು ಸಂದರ್ಭಗಳಲ್ಲಿ ಇವೆಲ್ಲ ಒಂದೆರಡು ನಿಮಿಷಗಳಲ್ಲಿ, ಇನ್ನು ಕೆಲವೊಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತವೆ. ಆದ್ದರಿಂದಲೇ ಕಚ್ಚಿಸಿಕೊಂಡವರಿಗೆ ಅದು 'ಇದ್ದಕ್ಕಿದ್ದಂತೆ' ನಡೆದಂತೆ ತೋರುತ್ತದೆ.

ಇಲ್ಲಿ ಮೂರು ತಪ್ಪು ತಿಳುವಳಿಕೆಗಳನ್ನು ನಿವಾರಿಸಬೇಕಾಗಿದೆ. ಬಾಲ ಅಲ್ಲಾಡಿಸುವ ನಾಯಿ ಸ್ನೇಹದಿಂದಿದೆ ಎಂಬುದು ಮೊದಲನೆಯದು. ಬಾಲದ ಚಲನೆ ನಾಯಿ ಉದ್ರೇಕಗೊಂಡಿದೆ ಎಂಬುದನ್ನು ಮಾತ್ರ ತಿಳಿಸುತ್ತದೆ. ಸಡಿಲವಾಗಿ, ಸೊಂಟವೂ ಜೊತೆಯಲ್ಲಿ ಆಡುವಂತೆ ಬಾಲ ಬೀಸಿದರೆ ಅದು ಸಂತೋಷ. ಬಾಲವನ್ನು ಎತ್ತರಕ್ಕೆ ನಿಲ್ಲಿಸಿ ಬಿರುಸಾಗಿ, ಚಿಕ್ಕದಾಗಿ ಅದುರಿಸಿದರೆ ಅದು ಎಚ್ಚರಿಕೆ. 'ಬೊಗಳುವ ನಾಯಿ ಕಚ್ಚುವುದಿಲ್ಲ' ಎಂಬ ಗಾದೆ ಎರಡನೆಯದು. ಮನುಷ್ಯರ ವಿಷಯದಲ್ಲಿ ಅದು ಎಷ್ಟು ನಿಜವೋ ತಿಳಿಯದು, ನಾಯಿಗಳ ವಿಷಯದಲ್ಲಿ ಮಾತ್ರ ಅದನ್ನು ನಂಬುವಂತಿಲ್ಲ. ಹೆದರಿ ಬೊಗಳುವ ನಾಯಿಯನ್ನು ಮೂಲೆಗೆ ಒತ್ತಿದರೆ ಅದು ಕಚ್ಚುತ್ತದೆ. ಗುರುಗುಟ್ಟಿದ ನಾಯಿಯನ್ನು ಹೊಡೆದು ಸುಮ್ಮನಾಗಿಸಬೇಕೆಂಬುದು ಮೂರನೆಯದು ಮತ್ತು ಎಲ್ಲಕ್ಕಿಂತ ಹಾನಿಕರವಾದುದು. ಗುರುಗುಟ್ಟುವುದು ಬೆಂಕಿಯ ಮುನ್ನ ಕಾಣುವ ಹೊಗೆಯಿದ್ದಂತೆ. ಹೊಡೆತದ ಭಯದಿಂದ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆಯೇ ಹೊರತು ಅದರ ಒಳಗಿನ ಭಯವಾಗಲಿ ನೋವಾಗಲಿ ಹೋಗುವುದಿಲ್ಲ. ಮುಂದಿನ ಸಲ ಅದು ಸೂಚನೆ ಕೊಡದೆಯೇ ಕಚ್ಚುತ್ತದೆ.

ಕಚ್ಚುವುದಕ್ಕೆ ಕಾರಣಗಳು

*ನೋವು.* ಸಾಧು ಸ್ವಭಾವದ ನಾಯಿ ಹಠಾತ್ತನೆ ಕಚ್ಚಿದಾಗ ಪಶುವೈದ್ಯರು ಮೊಟ್ಟಮೊದಲು ಹುಡುಕುವುದು ನೋವನ್ನು. ಕಿವಿಯೊಳಗಿನ ಹುಣ್ಣು, ಹಲ್ಲಿನ ಬುಡದ ಕೀವು, ಸೊಂಟದ ಕೀಲಿನ ದೋಷ, ಮುಪ್ಪಿನ ಸಂಧಿವಾತ, ಬೆನ್ನುಹುರಿಯ ತೊಂದರೆ, ಪಾದದಲ್ಲಿ ಮುರಿದ ಮುಳ್ಳು ಇವು ಹೊರಗೆ ಕಾಣುವುದಿಲ್ಲ. ನಾಯಿ ತನ್ನ ನೋವನ್ನು ಮರೆಮಾಡುವ ಪ್ರಾಣಿ. ಎಂದಿನಂತೆ ಪ್ರೀತಿಯಿಂದ ಕಿವಿ ಸವರಿದ ಕೈ ಅದೇ ಹುಣ್ಣಿಗೆ ತಾಗಿದಾಗ ಅದು ತಲೆ ತಿರುಗಿಸಿ ಬಾಯಿ ಹಾಕುತ್ತದೆ. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕ ನಾಯಿಯನ್ನು ಎತ್ತಲು ಹೋದ ಒಡೆಯನೇ ಕಚ್ಚಿಸಿಕೊಳ್ಳುವುದೂ ಇದೇ ಕಾರಣದಿಂದ. ಮೆಟ್ಟಿಲು ಹತ್ತಲು ಹಿಂಜರಿಯುವುದು, ಏಳುವಾಗ ತಡವರಿಸುವುದು, ಒಂದೇ ಕಡೆಯಿಂದ ಅಗಿಯುವುದು, ಪದೇ ಪದೇ ತಲೆ ಒದರುವುದು ಇವುಗಳನ್ನು ಮನೆಯವರು ಗಮನಿಸಿ ವೈದ್ಯರಿಗೆ ತಿಳಿಸಬೇಕು.

*ಭಯ.* ಭಯಗೊಂಡ ನಾಯಿಗೆ ಓಡಿಹೋಗುವುದೇ ಮೊದಲ ಆಯ್ಕೆ. ಆದರೆ ಸರಪಣಿಯಲ್ಲಿ ಕಟ್ಟಿದ, ಮಂಚದ ಕೆಳಗೆ ಸಿಕ್ಕಿಕೊಂಡ, ಅಥವಾ ತೋಳುಗಳಲ್ಲಿ ಬಿಗಿಯಾಗಿ ಅಪ್ಪಿಹಿಡಿದ ನಾಯಿಗೆ ಓಡಲು ದಾರಿಯಿಲ್ಲ. ಮನುಷ್ಯರಲ್ಲಿ ಅಪ್ಪುಗೆ ಪ್ರೀತಿಯ ಗುರುತು. ಅನೇಕ ನಾಯಿಗಳಿಗೆ ಅದು ಬಂಧನ. ಮರಿಯಾಗಿದ್ದಾಗ ನಾಯಿ ಯಾರನ್ನು, ಏನನ್ನು ಕಂಡು ಬೆಳೆಯಿತೆಂಬುದೂ ಇಲ್ಲಿ ಮುಖ್ಯ. ಅಮೆರಿಕದ ವಿಜ್ಞಾನಿಗಳಾದ ಸ್ಕಾಟ್ ಮತ್ತು ಫುಲ್ಲರ್ ದೀರ್ಘಕಾಲದ ಅಧ್ಯಯನದ ಫಲವಾಗಿ 1965ರಲ್ಲಿ ಪ್ರಕಟಿಸಿದ ಗ್ರಂಥವು, ಮರಿಯ ಜೀವನದಲ್ಲಿ ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿ ನಿರ್ಣಾಯಕವೆಂದು ತೋರಿಸಿತು. ಆಗ ಮಕ್ಕಳನ್ನು, ಮುದುಕರನ್ನು, ಕೊಡೆ ಹಿಡಿದವರನ್ನು, ಕೋಲೂರಿ ನಡೆಯುವವರನ್ನು ಕಾಣದೆ ಬೆಳೆದ ಮರಿ ದೊಡ್ಡದಾದ ಮೇಲೆ ಅವರಿಗೆ ಬೆದರಬಹುದು. ಎಂಟು ವಾರ ತುಂಬುವ ಮೊದಲೇ ತಾಯಿಯಿಂದ ಅಗಲಿಸಿದ ಮರಿಗೆ, ಒಡಹುಟ್ಟಿದ ಮರಿಗಳೊಡನೆ ಆಡುತ್ತ ಹಲ್ಲಿನ ಬಿಗಿಯನ್ನು ಹತೋಟಿಯಲ್ಲಿಡುವ ಪಾಠವೂ ತಪ್ಪಿಹೋಗುತ್ತದೆ.

*ತನ್ನದೆಂಬ ಕಾವಲು.* ಅನ್ನದ ತಟ್ಟೆ, ಮೂಳೆ, ಆಟದ ಚೆಂಡು, ಮಲಗುವ ಜಾಗ, ಕೆಲವೊಮ್ಮೆ ಪ್ರೀತಿಯ ಯಜಮಾನಿ ಇವುಗಳನ್ನು ಯಾರೋ ಕಸಿದುಕೊಳ್ಳುತ್ತಾರೆಂಬ ಶಂಕೆ ಬಂದಾಗ ನಾಯಿ ಕಾವಲಿಗೆ ನಿಲ್ಲುತ್ತದೆ. ತಿನ್ನುತ್ತಿರುವಾಗ ತಟ್ಟೆಗೆ ಕೈ ಹಾಕಿ 'ಅಭ್ಯಾಸ' ಮಾಡಿಸಬೇಕೆಂಬ ಸಲಹೆಯನ್ನು ಕೆಲವರು ಕೊಡುವುದುಂಟು. ಇದರಿಂದ ನಾಯಿ ಕಲಿಯುವುದು ಕೈ ಬಂದರೆ ಅನ್ನ ಹೋಗುತ್ತದೆಂಬ ಪಾಠವನ್ನೇ. ಅದರ ಬದಲು ತಟ್ಟೆಯ ಬಳಿ ಹೋದಾಗಲೆಲ್ಲ ಇನ್ನೊಂದು ರುಚಿಯಾದ ತುಣುಕನ್ನು ದೂರದಿಂದ ಹಾಕಿದರೆ, ಮನುಷ್ಯನು ಬಂದರೆ ಲಾಭವೆಂದು ಅದು ಕ್ರಮೇಣ ತಿಳಿಯುತ್ತದೆ.

*ನಿದ್ದೆ ಮತ್ತು ಮುಪ್ಪು.* ಗಾಢನಿದ್ದೆಯಲ್ಲಿರುವ ನಾಯಿಯನ್ನು ತಟ್ಟಿ ಎಬ್ಬಿಸಿದರೆ ಅರೆ ಎಚ್ಚರದಲ್ಲಿ ಎದುರಿಗಿರುವವರು ಯಾರೆಂದು ಅರಿಯದೆ ಅದು ಕಚ್ಚಬಹುದು. ವಯಸ್ಸಾದ ನಾಯಿಗೆ ಕಣ್ಣಿನ ಪೊರೆ ಬರುತ್ತದೆ, ಕಿವಿ ಮಂದವಾಗುತ್ತದೆ. ಮನುಷ್ಯರ ಅರುಳು ಮರುಳಿಗೆ ಹೋಲುವ ಮೆದುಳಿನ ಸವಕಳಿಯೂ ಮುದಿನಾಯಿಗಳಲ್ಲಿ ಕಂಡುಬರುತ್ತದೆ. ಅಂತಹ ನಾಯಿ ರಾತ್ರಿಯೆಲ್ಲ ಗೊತ್ತುಗುರಿಯಿಲ್ಲದೆ ತಿರುಗುತ್ತದೆ, ಮನೆಯ ಮೂಲೆಯಲ್ಲಿ ದಾರಿ ತಪ್ಪಿ ನಿಲ್ಲುತ್ತದೆ, ಪರಿಚಿತರನ್ನೂ ಗುರುತಿಸದೆ ಹೋಗುತ್ತದೆ. ಅಪಸ್ಮಾರವಿರುವ ನಾಯಿ ಸೆಳವು ಕಳೆದ ಮೇಲೆ ಕೆಲಕಾಲ ಮಂಕಾಗಿದ್ದು, ಹತ್ತಿರ ಹೋದವರನ್ನು ಕಚ್ಚುವ ಸಂಭವವಿದೆ.

*ತಾಯ್ತನ.* ಮರಿ ಹಾಕಿದ ನಾಯಿ ಮೊದಲ ಕೆಲವು ವಾರಗಳು ಮರಿಗಳ ಬಳಿಗೆ ಮನೆಯವರನ್ನೂ ಬಿಡದಿರಬಹುದು. ಇದು ಪ್ರಕೃತಿಸಹಜವಾದುದು.

*ಬೇರೆಡೆ ತಿರುಗಿದ ಸಿಟ್ಟು.* ಎರಡು ನಾಯಿಗಳು ಜಗಳವಾಡುವಾಗ ಬಿಡಿಸಲು ನಡುವೆ ಕೈ ಹಾಕಿದ ಯಜಮಾನನು ಕಚ್ಚಿಸಿಕೊಳ್ಳುವುದು ಸಾಮಾನ್ಯ. ಕಿಟಕಿಯಾಚೆಯ ಬೆಕ್ಕಿಗೆ ಹಾರಾಡುತ್ತಿದ್ದ ನಾಯಿಯ ಕೊರಳಪಟ್ಟಿಯನ್ನು ಹಿಡಿದೆಳೆದಾಗಲೂ ಇದೇ ಪರಿಣಾಮ. ಆ ಕ್ಷಣದಲ್ಲಿ ಕಚ್ಚಿದ್ದು ಯಾರ ಕೈ ಎಂಬುದು ನಾಯಿಗೆ ಗೊತ್ತಿರುವುದಿಲ್ಲ.

*ಬೇಟೆಯ ಪ್ರವೃತ್ತಿ.* ಓಡುವ ವಸ್ತುವನ್ನು ಅಟ್ಟಿಹೋಗುವುದು ನಾಯಿಯ ಹುಟ್ಟುಗುಣ. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯಂತಹ ತಳಿಗಳನ್ನು ತಲೆಮಾರುಗಳಿಂದ ಇದೇ ಉದ್ದೇಶಕ್ಕೆ ಬೆಳೆಸಲಾಗಿದೆ. ಕಿರುಚುತ್ತ ಓಡುವ ಮಗು, ವೇಗವಾಗಿ ಸಾಗುವ ಸೈಕಲ್ಲು ಈ ಪ್ರವೃತ್ತಿಯನ್ನು ಕೆರಳಿಸುತ್ತವೆ.

ಕಾರಣಗಳು ಒಟ್ಟುಗೂಡಿದಾಗ

ಅನೇಕ ಸಂದರ್ಭಗಳಲ್ಲಿ ಕಾರಣ ಒಂದೇ ಆಗಿರುವುದಿಲ್ಲ. ಮಹಾನಗರದ ಒಂದು ಸಾಮಾನ್ಯ ಕುಟುಂಬವನ್ನು ಊಹಿಸಿಕೊಳ್ಳಬಹುದು. ಎರಡು ಕೋಣೆಗಳ ಮನೆ, ನಾಲ್ಕನೆಯ ಅಂತಸ್ತು, ಎಂಟು ವರ್ಷದ ಸಾಕುನಾಯಿ. ದೀಪಾವಳಿಗೆ ಊರಿನಿಂದ ನೆಂಟರು ಬಂದಿದ್ದಾರೆ. ನಾಯಿಯ ಮಲಗುವ ಜಾಗದಲ್ಲಿ ಈಗ ಪೆಟ್ಟಿಗೆಗಳಿವೆ. ಎರಡು ರಾತ್ರಿಗಳಿಂದ ಪಟಾಕಿಯ ಸದ್ದು. ಮನುಷ್ಯನ ಕಿವಿಗೆ ನಿಲುಕದ ಎಷ್ಟೋ ಧ್ವನಿಗಳನ್ನು ಕೇಳಬಲ್ಲ ನಾಯಿಗೆ ಆ ಸದ್ದು ಸಹಿಸಲಸಾಧ್ಯ. ಮನೆಯವರ ಓಡಾಟದಲ್ಲಿ ಹೊರಗೆ ಸುತ್ತಾಡಿಸುವುದು ತಪ್ಪಿಹೋಗಿದೆ. ಸೊಂಟದ ಕೀಲಿನಲ್ಲಿ ಯಾರಿಗೂ ತಿಳಿಯದ ನೋವು ಬೇರೆ. ಮೂರನೆಯ ದಿನ ಬೆಳಗ್ಗೆ, ವರ್ಷವರ್ಷವೂ ಬಂದು ಅದರೊಡನೆ ಆಡಿದ ಸೋದರಮಾವ, ಮೇಜಿನ ಕೆಳಗೆ ಮಲಗಿದ ನಾಯಿಯ ಮೇಲೆ ಬಗ್ಗಿ ಸೊಂಟ ತಟ್ಟುತ್ತಾನೆ. ನಾಯಿ ಕಚ್ಚುತ್ತದೆ.

ಮಾವನನ್ನು ಕಂಡರೆ ಆಗದೆಂದು ಅದು ಕಚ್ಚಲಿಲ್ಲ. ನಿದ್ದೆಗೇಡು, ಭಯ, ನೋವು, ಜಾಗದ ಕೊರತೆ ಇವು ಒಂದೊಂದಾಗಿ ಕೂಡುತ್ತ ಹೋದವು. ಭಯ ಮತ್ತು ಒತ್ತಡದ ಸಮಯದಲ್ಲಿ ದೇಹದಲ್ಲಿ ಸ್ರವಿಸುವ ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ರಸಗಳ ಪ್ರಭಾವ ಸದ್ದು ನಿಂತ ಕ್ಷಣವೇ ಇಳಿಯುವುದಿಲ್ಲ. ಒಂದು ಆಘಾತದಿಂದ ಚೇತರಿಸಿಕೊಳ್ಳುವ ಮುನ್ನವೇ ಮತ್ತೊಂದು ಬಂದೆರಗಿದರೆ ನಾಯಿಯ ಸಹನೆ ತುಂಬಿದ ಕೊಡದಂತಾಗುತ್ತದೆ. ಒಂದು ಹನಿ ಬಿದ್ದರೂ ಚೆಲ್ಲುತ್ತದೆ. ಮನೆಯವರ ಕಣ್ಣಿಗೆ ಬೀಳುವುದು ಆ ಕೊನೆಯ ಹನಿ ಮಾತ್ರ.

ಮಕ್ಕಳ ವಿಷಯ

ನಾಯಿಕಡಿತಕ್ಕೆ ಒಳಗಾಗುವವರಲ್ಲಿ ಮಕ್ಕಳ ಪಾಲು ದೊಡ್ಡದು. ಚಿಕ್ಕಮಕ್ಕಳನ್ನು ಕಚ್ಚುವ ನಾಯಿ ಬಹುಮಟ್ಟಿಗೆ ಮನೆಯದೋ ನೆರೆಮನೆಯದೋ ಆದ ಪರಿಚಿತ ನಾಯಿಯೇ ಆಗಿರುತ್ತದೆ. ಮಗುವಿನ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುವುದರಿಂದ ಗಾಯ ತಲೆ, ಮುಖ ಮತ್ತು ಕೊರಳಿಗೆ ಆಗುವುದು ಹೆಚ್ಚು. ಈ ಭಾಗಗಳ ಕಡಿತ ಎರಡು ರೀತಿಯಲ್ಲಿ ಅಪಾಯಕರ. ಗಾಯವೇ ಭೀಕರವಾಗಿರುತ್ತದೆ, ಜೊತೆಗೆ ಮೆದುಳಿಗೆ ಹತ್ತಿರವಾದ್ದರಿಂದ ರೇಬೀಸ್ ವಿಷಾಣು ಬೇಗ ಮೆದುಳನ್ನು ಮುಟ್ಟಬಲ್ಲದು.

ಮಗು ನಾಯಿಯ ಬಾಲ ಎಳೆಯುವುದನ್ನೂ ಬೆನ್ನೇರಿ ಕೂರುವುದನ್ನೂ ನೋಡಿ ಹಿರಿಯರು 'ಎಷ್ಟು ಸಹನೆಯ ನಾಯಿ' ಎಂದು ನಗುತ್ತಾರೆ. ಆ ಹೊತ್ತಿನಲ್ಲಿ ನಾಯಿಯ ಮುಖವನ್ನು ನೋಡಿದರೆ ಅದು ಆಕಳಿಸುತ್ತಿರುವುದು, ತುಟಿ ನೆಕ್ಕುತ್ತಿರುವುದು, ಮುಖ ತಿರುಗಿಸಿರುವುದು ಕಂಡೀತು. ಐದಾರು ವರ್ಷದೊಳಗಿನ ಮಗುವನ್ನು ಎಂತಹ ಸಾಧುನಾಯಿಯೊಡನೆಯೂ ಒಂಟಿಯಾಗಿ ಬಿಡಬಾರದು. ಇನ್ನೊಂದು ಮಾತು ಅತ್ಯಂತ ಮುಖ್ಯವಾದುದು: ಬೈಗುಳಕ್ಕೆ ಹೆದರಿ, ಇಲ್ಲವೆ ಪ್ರೀತಿಯ ನಾಯಿಯನ್ನು ಮನೆಯಿಂದ ಓಡಿಸುತ್ತಾರೆಂದು ಹೆದರಿ ಮಕ್ಕಳು ಕಡಿತವನ್ನು ಮುಚ್ಚಿಡುತ್ತಾರೆ. ಹಾಗೆ ಮುಚ್ಚಿಟ್ಟ ಗಾಯ ಮಗುವಿನ ಪ್ರಾಣವನ್ನೇ ತೆಗೆಯಬಹುದು. 'ನಾಯಿ ಕಚ್ಚಿದರೆ, ಪರಚಿದರೆ ಹೇಳು, ನಿನ್ನನ್ನೂ ಬೈಯುವುದಿಲ್ಲ, ನಾಯಿಯನ್ನೂ ಹೊಡೆಯುವುದಿಲ್ಲ' ಎಂಬ ಭರವಸೆಯನ್ನು ಪ್ರತಿಯೊಂದು ಮನೆಯಲ್ಲೂ ಮುಂಚಿತವಾಗಿಯೇ ಮಕ್ಕಳಿಗೆ ಕೊಟ್ಟಿರಬೇಕು.

ರೇಬೀಸ್: ಮರೆಯಬಾರದ ಸಾಧ್ಯತೆ

ಮೇಲೆ ಹೇಳಿದ ಕಾರಣಗಳೆಲ್ಲ ನಾಯಿಯ ಸ್ವಭಾವಕ್ಕೂ ದೇಹಸ್ಥಿತಿಗೂ ಸಂಬಂಧಿಸಿದವು. ಆದರೆ ಭಾರತದಂತಹ ದೇಶದಲ್ಲಿ ಇನ್ನೊಂದು ಕಾರಣವನ್ನು ಸದಾ ನೆನಪಿನಲ್ಲಿಡಬೇಕು. ಅದೇ ಹುಚ್ಚುನಾಯಿ ರೋಗ ಅಥವಾ ರೇಬೀಸ್.

1885ರ ಜುಲೈ ತಿಂಗಳಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರನು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನಿಗೆ ಮೊದಲ ಬಾರಿಗೆ ರೇಬೀಸ್ ಲಸಿಕೆ ನೀಡಿ ಬದುಕಿಸಿದ್ದು ಪ್ರಸಿದ್ಧ ಸಂಗತಿ. ಆ ಬಾಲಕನನ್ನು ಕಚ್ಚಿದ ನಾಯಿ ತನ್ನ ಒಡೆಯನಾದ ವರ್ತಕನ ಮೇಲೂ ಬಾಯಿ ಹಾಕಿತ್ತೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ರೇಬೀಸ್ ವಿಷಾಣು ಕಡಿತದ ಗಾಯದಿಂದ ನರಗಳ ಮೂಲಕ ಮೆದುಳಿಗೆ ಏರಿ, ಅಲ್ಲಿಂದ ಜೊಲ್ಲಿನ ಗ್ರಂಥಿಗಳಿಗೆ ಇಳಿಯುತ್ತದೆ. ಮೆದುಳಿಗೆ ವ್ಯಾಧಿ ತಾಗಿದ ನಾಯಿಗೆ ತನ್ನವರು, ಪರರು ಎಂಬ ಭೇದವಿರುವುದಿಲ್ಲ.

ಈ ರೋಗದ ಮೊದಲ ಲಕ್ಷಣ ಅನೇಕ ವೇಳೆ ಸ್ವಭಾವದ ಬದಲಾವಣೆಯೇ. ಸ್ನೇಹಪರ ನಾಯಿ ಸಿಡುಕುತ್ತದೆ ಅಥವಾ ಕತ್ತಲೆಯ ಮೂಲೆ ಸೇರುತ್ತದೆ. ದೂರವಿರುತ್ತಿದ್ದ ನಾಯಿ ಅತಿಯಾಗಿ ಮೈಮೇಲೆ ಬೀಳುತ್ತದೆ. ಅನಂತರ ರೋಗ ಎರಡು ರೂಪಗಳಲ್ಲಿ ಕಾಣಿಸಿಕೊಳ್ಳಬಹುದು. ಉಗ್ರರೂಪದಲ್ಲಿ ನಾಯಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತ ಅಲೆಯುತ್ತದೆ, ಬೊಗಳುವ ಸ್ವರ ಬದಲಾಗುತ್ತದೆ. ಮೂಕರೂಪದಲ್ಲಿ ಅದು ಮಂಕಾಗಿ ಬಿದ್ದಿರುತ್ತದೆ, ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನುಂಗಲಾಗುವುದಿಲ್ಲ. ಗಂಟಲಲ್ಲಿ ಮೂಳೆ ಸಿಕ್ಕಿರಬೇಕೆಂದು ಭಾವಿಸಿ ಬರಿಗೈಯನ್ನು ಅದರ ಬಾಯೊಳಗೆ ಹಾಕುವವರಿದ್ದಾರೆ. ಇದು ಪ್ರಾಣಾಂತಿಕವಾದ ತಪ್ಪು. ನೀರು ಕುಡಿಯುವ ನಾಯಿಗೆ ರೇಬೀಸ್ ಇಲ್ಲವೆಂಬ ನಂಬಿಕೆಯೂ ಸುಳ್ಳು. ನೀರನ್ನು ಕಂಡರೆ ಹೆದರುವ ಜಲಭೀತಿ ರೋಗಪೀಡಿತ ಮನುಷ್ಯರ ಲಕ್ಷಣ, ನಾಯಿಯದಲ್ಲ.

ಕಚ್ಚಿದ ನಾಯಿ ನೋಡಲು ಆರೋಗ್ಯವಾಗಿಯೇ ಇತ್ತೆಂಬ ಸಮಾಧಾನವೂ ಸಲ್ಲದು. ಲಕ್ಷಣಗಳು ಕಾಣಿಸುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವಿಷಾಣು ಇರುತ್ತದೆ. ಮನುಷ್ಯರಲ್ಲಿ ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ, ಕೆಲವೊಮ್ಮೆ ಒಂದು ವಾರದಲ್ಲಿ ಅಥವಾ ಒಂದು ವರ್ಷದ ಬಳಿಕ ರೋಗ ತಲೆಯೆತ್ತಬಹುದು. ಒಮ್ಮೆ ತಲೆಯೆತ್ತಿದ ಮೇಲೆ ಮರಣ ಬಹುತೇಕ ನಿಶ್ಚಿತ. ಅದಕ್ಕೆ ಮುಂಚೆ ಸಕಾಲದಲ್ಲಿ ಪೂರ್ಣ ಚಿಕಿತ್ಸೆ ಪಡೆದರೆ ಅದನ್ನು ತಡೆಯಬಹುದೆಂಬುದೂ ಅಷ್ಟೇ ನಿಶ್ಚಿತ. ಜಗತ್ತಿನಲ್ಲಿ ಮನುಷ್ಯರಿಗೆ ಬರುವ ರೇಬೀಸಿನಲ್ಲಿ ಶೇಕಡಾ 99ರಷ್ಟು ನಾಯಿಗಳಿಂದಲೇ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಕಚ್ಚಿದೊಡನೆ ಮಾಡಬೇಕಾದುದು

ಮೊದಲನೆಯದಾಗಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡೇ ತೊಳೆಯುವುದು ಒಳ್ಳೆಯದು, ಏಕೆಂದರೆ ಗಾಬರಿಯಲ್ಲಿ ಎರಡು ನಿಮಿಷವೇ ಹದಿನೈದೆಂದು ತೋರುತ್ತದೆ. ಸೋಪು ಈ ವಿಷಾಣುವಿನ ಹೊರಪದರವನ್ನು ಕರಗಿಸಿ ಅದನ್ನು ನಾಶಪಡಿಸುತ್ತದೆ. ಬಳಿಕ ಪೊವಿಡೋನ್ ಅಯೋಡಿನ್‌ನಂತಹ ನಂಜುನಿವಾರಕ ಹಚ್ಚಬಹುದು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಅರಿಶಿನ, ಎಣ್ಣೆ ಇವಾವುದನ್ನೂ ಗಾಯಕ್ಕೆ ಮೆತ್ತಕೂಡದು. ಗಾಯವನ್ನು ಸುಡುವುದಾಗಲಿ ಬಿಗಿಯಾಗಿ ಕಟ್ಟುವುದಾಗಲಿ ಸಲ್ಲದು.

ಎರಡನೆಯದಾಗಿ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಸಂಪರ್ಕವನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತಾರೆ. ನಾಯಿಯನ್ನು ಮುಟ್ಟಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಮೊದಲನೆಯ ವರ್ಗ. ಇದಕ್ಕೆ ಚಿಕಿತ್ಸೆ ಬೇಡ. ರಕ್ತ ಬಾರದ ಸಣ್ಣ ಪರಚುಗಾಯ ಎರಡನೆಯದು. ಇದಕ್ಕೆ ಲಸಿಕೆ ಬೇಕು. ಚರ್ಮ ಹರಿದು ರಕ್ತ ಬಂದ ಕಡಿತ, ಹಳೆಯ ಗಾಯದ ಮೇಲೆ ಅಥವಾ ಕಣ್ಣು ಬಾಯಿಗಳಿಗೆ ಜೊಲ್ಲು ತಾಗಿದ್ದು ಮೂರನೆಯದು. ಇದಕ್ಕೆ ಲಸಿಕೆಯ ಜೊತೆಗೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿವಿಷವಸ್ತುವನ್ನು ಚುಚ್ಚಬೇಕು. ಲಸಿಕೆಯಿಂದ ದೇಹದಲ್ಲಿ ರಕ್ಷಣೆ ಹುಟ್ಟಲು ದಿನಗಳು ಬೇಕಾದ್ದರಿಂದ ಆ ಅವಧಿಯಲ್ಲಿ ಕಾಪಾಡುವುದು ಇದೇ. ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಅಗತ್ಯವನ್ನೂ ವೈದ್ಯರು ನಿರ್ಧರಿಸುತ್ತಾರೆ.

ಹೊಟ್ಟೆಯ ಸುತ್ತ ಹದಿನಾಲ್ಕು ಚುಚ್ಚುಮದ್ದುಗಳೆಂಬ ಹಳೆಯ ಭೀತಿ ಇನ್ನೂ ಹಲವರ ಮನಸ್ಸಿನಲ್ಲಿದೆ. ಕಸೌಲಿಯಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ರೂಪಿಸಿದ, ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯನ್ನು ಭಾರತದಲ್ಲಿ 2004ರ ಕೊನೆಗೆ ನಿಲ್ಲಿಸಲಾಯಿತು. ಈಗಿನದು ಜೀವಕೋಶಗಳಲ್ಲಿ ಬೆಳೆಸಿದ ಸುರಕ್ಷಿತ ಲಸಿಕೆ. ಮಾಂಸಖಂಡಕ್ಕೆ ಕೊಡುವ ಕ್ರಮದಲ್ಲಿ ಮೊದಲ ಚುಚ್ಚುಮದ್ದಿನ ದಿನವನ್ನು ಸೊನ್ನೆಯೆಂದೆಣಿಸಿ 0, 3, 7, 14 ಮತ್ತು 28ನೆಯ ದಿನಗಳಂದು ತೋಳಿಗೆ, ಎಳೆಯ ಮಕ್ಕಳಿಗಾದರೆ ತೊಡೆಗೆ ಕೊಡುತ್ತಾರೆ. ಚರ್ಮದ ಪದರದಲ್ಲಿ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೆಯ ದಿನಗಳು. ಗಾಯ ಮಾಯಿತೆಂದು ನಡುವೆ ನಿಲ್ಲಿಸಬಾರದು. ಹಿಂದೆ ಪೂರ್ಣ ಲಸಿಕೆ ಪಡೆದವರು ಅದರ ದಾಖಲೆಯನ್ನು ತೋರಿಸಬೇಕು. ಅವರಿಗೆ ಎರಡೇ ಚುಚ್ಚುಮದ್ದು ಸಾಕಾಗುತ್ತದೆ. ಗರ್ಭಿಣಿಯರೂ ಬಾಣಂತಿಯರೂ ಈ ಲಸಿಕೆಯನ್ನು ನಿರ್ಭಯವಾಗಿ ಪಡೆಯಬಹುದು.

ಮೂರನೆಯದಾಗಿ, ನಾಯಿಯನ್ನು 10 ದಿನ ಕಟ್ಟಿ ಗಮನಿಸಬೇಕು. ಕಚ್ಚಿದಾಗ ಅದರ ಜೊಲ್ಲಿನಲ್ಲಿ ವಿಷಾಣು ಇದ್ದಿದ್ದರೆ ಅಷ್ಟರೊಳಗೆ ಅದು ರೋಗಕ್ಕೆ ತುತ್ತಾಗಿ ಸಾಯುತ್ತದೆ. ಹತ್ತು ದಿನವೂ ಆರೋಗ್ಯವಾಗಿದ್ದರೆ ಮುಂದಿನ ಚುಚ್ಚುಮದ್ದುಗಳ ವಿಷಯವನ್ನು ವೈದ್ಯರು ತೀರ್ಮಾನಿಸುತ್ತಾರೆ. ಆದರೆ ಹತ್ತು ದಿನ ಕಾಯ್ದು ನೋಡಿ ಅನಂತರ ಚಿಕಿತ್ಸೆ ಆರಂಭಿಸುವುದು ಸರ್ವಥಾ ಕೂಡದು. ನಾಯಿಗೆ ಲಸಿಕೆ ಹಾಕಿಸಿದ್ದರೂ ಚಿಕಿತ್ಸೆಯನ್ನು ಅದೇ ದಿನ ಆರಂಭಿಸಬೇಕು. ನಾಯಿಯನ್ನು ಓಡಿಸಿದವರು ಅಥವಾ ಕೊಂದವರು ಈ ಹತ್ತು ದಿನಗಳ ಸಾಕ್ಷ್ಯವನ್ನು ತಾವೇ ಕೈಯಾರೆ ಕಳೆದುಕೊಳ್ಳುತ್ತಾರೆ.

ಕಚ್ಚಿದ ನಾಯಿಯ ಗತಿ

ಅವಲೋಕನದ ಅವಧಿ ಮುಗಿದ ಮೇಲೆ ನಾಯಿಯನ್ನು ಪಶುವೈದ್ಯರಲ್ಲಿ ಸಮಗ್ರವಾಗಿ ಪರೀಕ್ಷೆ ಮಾಡಿಸಬೇಕು. ಕಿವಿ, ಹಲ್ಲು, ಕೀಲು, ಕಣ್ಣು ಎಲ್ಲವನ್ನೂ ನೋಡಬೇಕು. ಕಡಿತ ನಡೆದ ದಿನ, ಹೊತ್ತು, ಸ್ಥಳ, ಅದಕ್ಕೆ ಮುಂಚಿನ ಎರಡು ಮೂರು ದಿನಗಳ ಸಂಗತಿಗಳನ್ನು ಮನೆಯವರು ಬರೆದಿಟ್ಟು ತೋರಿಸಿದರೆ ಕಾರಣವನ್ನು ಪತ್ತೆಹಚ್ಚುವುದು ಸುಲಭ. ನೋವೇ ಕಾರಣವಾದರೆ ಚಿಕಿತ್ಸೆಯಿಂದ ಬಹಳಷ್ಟು ನಾಯಿಗಳು ಹಿಂದಿನ ಸ್ವಭಾವಕ್ಕೆ ಮರಳುತ್ತವೆ. ಭಯವಾಗಲಿ ಕಾವಲಿನ ಗುಣವಾಗಲಿ ಆದರೆ ಪ್ರಸಂಗಗಳನ್ನು ತಪ್ಪಿಸುವುದು, ನಿಧಾನವಾಗಿ ಹೊಸ ಅಭ್ಯಾಸ ಕಲಿಸುವುದು, ಹೊರಗೆ ಹೋಗುವಾಗ ಬಾಯಿಬುಟ್ಟಿ ತೊಡಿಸುವುದು ಇವೇ ಮಾರ್ಗ. ಹೊಡೆತದಿಂದ ಭಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಎಲ್ಲ ಪ್ರಯತ್ನಗಳ ನಂತರವೂ ಚಿಕ್ಕಮಕ್ಕಳಿರುವ ಮನೆಯಲ್ಲಿ ಅಪಾಯ ಉಳಿದರೆ, ನಾಯಿಯನ್ನು ಬಲ್ಲ ಹಿರಿಯರ ಮನೆಗೆ ವಿಷಯವನ್ನು ಮರೆಮಾಡದೆ ಒಪ್ಪಿಸಬಹುದು.

ಬೀದಿಗೆ ಬಿಡುವುದು ಮಾತ್ರ ಪರಿಹಾರವಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಸಾಕುಪ್ರಾಣಿಯನ್ನು ಹಸಿವು ಬಾಯಾರಿಕೆಗೆ ತುತ್ತಾಗುವಂತೆ ತೊರೆಯುವುದು ಅಪರಾಧ. ಮನೆಯ ಅನ್ನಕ್ಕೆ ಒಗ್ಗಿದ ಆ ಪ್ರಾಣಿ ಬೀದಿಯಲ್ಲಿ ಬದುಕಲಾರದು. ಬದುಕಿದರೂ ಅಲ್ಲಿ ಇನ್ನಾರದೋ ಮಗುವನ್ನು ಕಚ್ಚಬಹುದು.

ಕೆಲವು ಮುನ್ನೆಚ್ಚರಿಕೆಗಳು

1. ನಾಯಿಗೆ ಮೂರು ತಿಂಗಳ ವಯಸ್ಸಿನಲ್ಲಿ ರೇಬೀಸ್ ಲಸಿಕೆ ಹಾಕಿಸಿ, ಅನಂತರ ಪಶುವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಮುಂದುವರಿಸಬೇಕು.

2. ಚಿಕ್ಕ ಮನೆಯಾದರೂ ಯಾರೂ ತೊಂದರೆ ಕೊಡದ ಒಂದು ಮೂಲೆಯನ್ನು ನಾಯಿಗೆಂದೇ ಮೀಸಲಿಡಬೇಕು. ಅಲ್ಲಿಗೆ ಹೋದ ನಾಯಿಯನ್ನು ಮಕ್ಕಳು ಹಿಂಬಾಲಿಸಬಾರದು.

3. ತಿನ್ನುವಾಗ, ಮಲಗಿರುವಾಗ, ಮರಿಗಳೊಡನೆ ಇರುವಾಗ ಅದನ್ನು ಮುಟ್ಟಬಾರದು. ಎಬ್ಬಿಸಬೇಕಾದರೆ ದೂರದಿಂದ ಹೆಸರು ಹಿಡಿದು ಕರೆಯಬೇಕು.

4. ಮುಟ್ಟುವ ಮುನ್ನ ಅದು ತಾನಾಗಿ ಹತ್ತಿರ ಬರಲು ಬಿಡಬೇಕು. ಮೇಲಿನಿಂದ ಬಗ್ಗಿ ತಲೆ ತಟ್ಟುವುದಕ್ಕಿಂತ ಪಕ್ಕದಲ್ಲಿ ನಿಂತು ಎದೆ, ಭುಜ ಸವರುವುದು ಮೇಲು.

5. ದಿನವೂ ಸುತ್ತಾಡಿಸಬೇಕು. ಸದಾ ಸರಪಣಿಯಲ್ಲಿ ಕಟ್ಟಿದ ನಾಯಿ ಸಿಡುಕುವುದು ಸಹಜ. ಲಿಫ್ಟಿನಂತಹ ಇಕ್ಕಟ್ಟಿನ ಜಾಗದಲ್ಲಿ ಇತರರಿದ್ದರೆ ಮುಂದಿನ ಸರದಿಗೆ ಕಾಯುವುದು ಉಚಿತ.

6. ನೆಂಟರು ಬಂದಾಗ, ಪಟಾಕಿಯ ದಿನಗಳಲ್ಲಿ, ಮನೆ ಬದಲಿಸಿದಾಗ ನಾಯಿಯನ್ನು ಶಾಂತವಾದ ಕೋಣೆಯಲ್ಲಿರಿಸಬೇಕು.

7. ನಾಯಿ ಮೇಲೆ ಬಂದರೆ ಓಡದೆ, ಕಿರುಚದೆ, ಕೈಕಟ್ಟಿಕೊಂಡು ಮರದಂತೆ ನಿಲ್ಲುವುದನ್ನೂ, ಬಿದ್ದರೆ ಮುದುಡಿಕೊಂಡು ಕೈಗಳಿಂದ ಕೊರಳು ಮುಖ ಮುಚ್ಚಿಕೊಳ್ಳುವುದನ್ನೂ ಮಕ್ಕಳಿಗೆ ಆಟದಂತೆ ಕಲಿಸಬೇಕು.

8. ನಾಯಿಗಳ ಜಗಳವನ್ನು ಬಿಡಿಸಲು ಕೈ ಹಾಕದೆ ನೀರು ಎರಚಬೇಕು.

ಊರಿನ ವಿಶಾಲವಾದ ಅಂಗಳದಲ್ಲಿ ನಾಯಿಗೆ ಬೇಡವೆನಿಸಿದಾಗ ಎದ್ದು ಹಿತ್ತಿಲಿಗೋ ಹೊಲಕ್ಕೋ ಹೋಗಲು ಅವಕಾಶವಿತ್ತು. ನಗರದ ಮನೆಯಲ್ಲಿ ಅದಕ್ಕೆ ಆ ಅವಕಾಶವಿಲ್ಲ. ಆದಕಾರಣ ಅದರ ಮನಸ್ಸನ್ನು ಅರಿಯುವ ಹೊಣೆ ಮನೆಯವರ ಮೇಲೆ ಹೆಚ್ಚಾಗಿ ಬೀಳುತ್ತದೆ. ಪಾಶ್ಚರನು ತೀರಿಕೊಂಡ ದಿನವಾದ ಸೆಪ್ಟೆಂಬರ್ 28ನ್ನು ಜಗತ್ತು ರೇಬೀಸ್ ದಿನವೆಂದು ಆಚರಿಸುತ್ತದೆ. ಮನೆಯಲ್ಲಿ ನಾಯಿ ಸಾಕಿರುವವರು ಪ್ರತಿವರ್ಷ ಅಂದು ತಮ್ಮ ನಾಯಿಯ ಲಸಿಕೆಯ ಚೀಟಿಯನ್ನು ತೆಗೆದು ನೋಡುವುದು, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಲಸಿಕೆಯೂ ಇಮ್ಯುನೊಗ್ಲಾಬ್ಯುಲಿನ್ನೂ ದೊರೆಯುತ್ತವೆಂದು ವಿಚಾರಿಸಿಟ್ಟುಕೊಳ್ಳುವುದು, ಮಕ್ಕಳನ್ನು ಕೂರಿಸಿಕೊಂಡು ನಾಲ್ಕು ಮಾತು ಹೇಳುವುದು ಒಳ್ಳೆಯ ಪದ್ಧತಿ. ಅರ್ಧ ಗಂಟೆಯ ಈ ಕೆಲಸದಿಂದ ಮಗುವೂ ನಾಯಿಯೂ ಒಂದೇ ಮನೆಯಲ್ಲಿ ಸುರಕ್ಷಿತವಾಗಿ ಬೆಳೆಯಲು ಸಾಧ್ಯವಾಗುತ್ತದೆ.